ಯುದ್ಧಕಾಲದ ಲೀಡ್ಸ್‌ನ ಸೈಕ್ಲೋಸ್ಟೈಲ್ ಪತ್ರಿಕೆ: ಮೈಕೆಲ್ ರೋಸೆನ್‌ಬ್ಲಮ್ ಬಗ್ಗೆ ಕೆಲವು ಪ್ರಶ್ನೆಗಳು

ಹಳೇಸಂಚಿಕೆ (ಪ್ರಶ್ನೆ):

ಬ್ರಿಟನ್ನಿನ ವೈಜ್ಞಾನಿಕ ಕಥಾಸಾಹಿತ್ಯದ ಆರಂಭದ ದಿನಗಳ ಬಗ್ಗೆ ಇತ್ತೀಚೆಗೆ ಓದುತ್ತಿದ್ದೇನೆ. ಲೇಖಕರ ಜೀವನಚರಿತ್ರೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಆ ಲೇಖಕರನ್ನು ಓದಿ, ಅವರ ಬಗ್ಗೆ ಜಗಳವಾಡಿ, ಕೈಯಿಂದ ಹಣ ಹಾಕಿ ಪತ್ರಿಕೆ ಹೊರಡಿಸಿದ ಓದುಗರ ವಿಷಯ ಬಂದಾಗ ಒಂದೆರಡು ಸಾಲಿನಲ್ಲಿ ಮಾತು ಮುಗಿದುಹೋಗುತ್ತದೆ. ಹಾಗೆ ಮುಗಿದುಹೋಗುವವರಲ್ಲಿ ಲೀಡ್ಸ್ ನಗರದ ಜೆ. ಮೈಕೆಲ್ ರೋಸೆನ್‌ಬ್ಲಮ್ ಒಬ್ಬರು.

ನನಗೆ ತಿಳಿದಿರುವುದು ಇಷ್ಟು. ಯುದ್ಧಕ್ಕೆ ಮುಂಚೆ ಅವರು ‘ದಿ ಫ್ಯೂಚೂರಿಯನ್’ ಎಂಬ ಹವ್ಯಾಸಿ ಪತ್ರಿಕೆಯನ್ನು ನಡೆಸುತ್ತಿದ್ದರು. 1940ರ ಅಕ್ಟೋಬರಿನಲ್ಲಿ, ಅಂದರೆ ಲಂಡನ್ನಿನ ಮೇಲೆ ರಾತ್ರಿಯಿಡೀ ಬಾಂಬು ಬೀಳುತ್ತಿದ್ದ ದಿನಗಳಲ್ಲಿ, ‘ಫ್ಯೂಚೂರಿಯನ್ ವಾರ್ ಡೈಜೆಸ್ಟ್’ ಎಂಬ ಹೊಸ ಪತ್ರಿಕೆಯನ್ನು ಆರಂಭಿಸಿದರು. ಓದುಗರು ಅದನ್ನು ‘ಫೈಡೋ’ ಎಂದೇ ಕರೆಯುತ್ತಿದ್ದರು. 1945ರ ಮಾರ್ಚ್‌ವರೆಗೆ ಅದರ 39 ಸಂಚಿಕೆಗಳು ಬಂದವು. ಈ ಇಡೀ ಅವಧಿಯಲ್ಲಿ ರೋಸೆನ್‌ಬ್ಲಮ್ ಸೈನ್ಯಕ್ಕೆ ಸೇರಲಿಲ್ಲ. ಆತ್ಮಸಾಕ್ಷಿಯ ಕಾರಣ ಕೊಟ್ಟು ಯುದ್ಧಸೇವೆಯನ್ನು ನಿರಾಕರಿಸಿದ್ದ ಅವರು ಬೇಸಾಯದ ಕೆಲಸಕ್ಕೆ ಹೋದರು.

ನನ್ನ ಪ್ರಶ್ನೆಗಳು ಇವು. ದಿನಪತ್ರಿಕೆಗಳೇ ಪುಟ ಕಡಿಮೆ ಮಾಡಿಕೊಂಡಿದ್ದ ಕಾಲದಲ್ಲಿ ಹೊಲದಲ್ಲಿ ದುಡಿಯುವ ಒಬ್ಬ ಯುವಕ ಇಷ್ಟು ಸಂಚಿಕೆಗಳನ್ನು ಹೇಗೆ ಹೊರತಂದರು? ಅವರ ಓದುಗರಲ್ಲಿ ಹೆಚ್ಚಿನವರು ಸಮವಸ್ತ್ರ ತೊಟ್ಟವರು. ಯುದ್ಧ ಮಾಡುವುದಿಲ್ಲ ಎಂದವರ ಪತ್ರಿಕೆಗೆ ಅವರು ಯಾವ ಮನಸ್ಸಿನಿಂದ ಬರೆದರು? ಕೊನೆಯದಾಗಿ, ಇವರಿಗಿಂತ ಮೊದಲೇ ಪತ್ರಿಕೆ ನಡೆಸಿದ ಮಾರಿಸ್ ಹ್ಯಾನ್ಸನ್, ವಾಲ್ಟರ್ ಗಿಲ್ಲಿಂಗ್ಸ್ ಅಂಥವರು ಇರುವಾಗ ರೋಸೆನ್‌ಬ್ಲಮ್ ಅವರಿಗೆ ಪ್ರತ್ಯೇಕವಾದ ಸ್ಥಾನ ಯಾಕೆ ಕೊಡಬೇಕು? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮಸಿಬೆರಳು (ಉತ್ತರ):

ಹಳೇಸಂಚಿಕೆಯವರೇ, ನಿಮ್ಮ ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮಿಕ್ಕಿದ್ದನ್ನು ನನಗಿಂತ ಚೆನ್ನಾಗಿ ಬಲ್ಲವರಿಗೆ ಬಿಡುತ್ತೇನೆ.

‘ಪತ್ರಿಕೆ’ ಎಂದ ಕೂಡಲೇ ಮುದ್ರಣಾಲಯ, ಅಚ್ಚುಮೊಳೆ ಎಂದು ಊಹಿಸಿಕೊಂಡರೆ ಫೈಡೋ ಅರ್ಥವಾಗುವುದಿಲ್ಲ. ಇದು ಕಚೇರಿಗಳಲ್ಲಿ ಸುತ್ತೋಲೆ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಮಾದರಿಯ ಕೆಲಸ. ಬೆರಳಚ್ಚು ಯಂತ್ರದ ರಿಬ್ಬನ್ನನ್ನು ಬದಿಗೆ ಸರಿಸಿ, ಮೇಣ ಹಚ್ಚಿದ ಸ್ಟೆನ್ಸಿಲ್ ಹಾಳೆಯ ಮೇಲೆ ನೇರವಾಗಿ ಅಕ್ಷರಗಳನ್ನು ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಅಕ್ಷರ ಮೂಡುವುದಿಲ್ಲ. ಜೋರಾಗಿ ಹೊಡೆದರೆ ರೋಮನ್ ‘ಒ’ ಅಕ್ಷರದ ನಡುಭಾಗ ಕಿತ್ತುಬಂದು ಪ್ರತಿಯೊಂದು ಪ್ರತಿಯಲ್ಲೂ ಅಲ್ಲೊಂದು ಕಪ್ಪು ಬೊಟ್ಟು ಬೀಳುತ್ತದೆ. ತಪ್ಪಾದರೆ ವಾರ್ನಿಷಿನಂಥ ದ್ರವವನ್ನು ಸವರಿ, ಅದು ಆರುವವರೆಗೆ ಕಾದು, ಅದರ ಮೇಲೆ ಮತ್ತೆ ಹೊಡೆಯಬೇಕು. ಶೀರ್ಷಿಕೆಯನ್ನೋ ಚಿತ್ರವನ್ನೋ ಹಾಕಬೇಕಾದರೆ ಉಕ್ಕಿನ ಮೊನೆಯ ಕಡ್ಡಿಯಿಂದ ಸ್ಟೆನ್ಸಿಲ್ ಹರಿಯದಂತೆ ಗೀಚಬೇಕು. ಅನಂತರ ಆ ಹಾಳೆಯನ್ನು ಮಸಿ ತುಂಬಿದ ಉರುಳೆಗೆ ಸುತ್ತಿ, ಹಿಡಿ ತಿರುಗಿಸುತ್ತ ಒಂದೊಂದೇ ಕಾಗದವನ್ನು ಅದರಡಿ ಹಾಯಿಸಬೇಕು. ಇದಕ್ಕೆ ಮಸಿ ಹೀರುವ ಮೆತ್ತನೆಯ ಕಾಗದವೇ ಆಗಬೇಕು. ನುಣುಪಾದ ಕಾಗದ ಹಾಕಿದರೆ ಹಸಿ ಮಸಿ ಮೇಲಿನ ಹಾಳೆಯ ಬೆನ್ನಿಗೆ ಅಂಟಿಕೊಂಡು ಎರಡೂ ಪುಟ ಹಾಳಾಗುತ್ತವೆ. ಆಮೇಲೆ ಪುಟಗಳನ್ನು ಜೋಡಿಸುವುದು, ಪಿನ್ನು ಹೊಡೆಯುವುದು, ವಿಳಾಸ ಬರೆಯುವುದು. ಹಗಲು ಹೊಲದಲ್ಲಿ ದುಡಿದು ಬಂದವರು ಸಂಜೆ ಮಾಡುವಂಥ ಕೆಲಸ ಇದಲ್ಲ ಎಂದು ನಮಗೆ ಅನಿಸಬಹುದು. ಆದರೆ ಆ ಕಾಲದ ಹವ್ಯಾಸಿ ಪ್ರಕಾಶಕರೆಲ್ಲ ದಿನದ ದುಡಿಮೆ ಮುಗಿಸಿಯೇ ಇದಕ್ಕೆ ಕೂರುತ್ತಿದ್ದರು.

ಕಾಗದದ ಮಾತು ಬೇರೆ. ಬ್ರಿಟನ್ನಿಗೆ ಕಾಗದದ ಕಚ್ಚಾವಸ್ತು ಬರುತ್ತಿದ್ದುದು ಮುಖ್ಯವಾಗಿ ಸ್ಕ್ಯಾಂಡಿನೇವಿಯಾದಿಂದ. 1940ರ ವಸಂತದಲ್ಲಿ ನಾರ್ವೆ ಜರ್ಮನರ ಕೈಸೇರಿದ ಮೇಲೆ ಆ ದಾರಿ ಮುಚ್ಚಿತು. ಪ್ರಕಾಶಕರಿಗೆ ಯುದ್ಧಪೂರ್ವದ ಬಳಕೆಯ ಇಂತಿಷ್ಟು ಪಾಲು ಎಂದು ಕಾಗದವನ್ನು ಹಂಚಲಾಯಿತು. ಆ ಪಾಲು ಒಂದು ಹಂತದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹೊಸ ನಿಯತಕಾಲಿಕಗಳನ್ನು ಆರಂಭಿಸುವುದಕ್ಕೇ ಸರ್ಕಾರ ತಡೆ ಹಾಕಿತು. ರದ್ದಿ ಕಾಗದವನ್ನು ಯುದ್ಧಕಾರ್ಯಕ್ಕೆ ಒಪ್ಪಿಸಿ ಎಂಬ ಪ್ರಚಾರ ಮನೆಮನೆಗೂ ತಲುಪಿತ್ತು, ಹಾಗಾಗಿ ಎಷ್ಟೋ ಹಳೆಯ ಕಥಾಪತ್ರಿಕೆಗಳು ಗಿರಣಿಯ ಪಾಲಾದವು. ಇಂಥ ಕಾಲದಲ್ಲಿ ನಾಲ್ಕಾರು ಹಾಳೆಗಳ ಒಂದು ಹವ್ಯಾಸಿ ಪತ್ರಿಕೆ ಉಳಿದುಕೊಂಡದ್ದು ಅದರ ಗಾತ್ರ ಸಣ್ಣದಾಗಿದ್ದುದರಿಂದಲೇ. ಅದಕ್ಕೆ ಬೇಕಾಗುತ್ತಿದ್ದುದು ಟನ್ನುಗಟ್ಟಲೆ ಕಾಗದವಲ್ಲ, ಕೆಲವು ರೀಮುಗಳು ಮಾತ್ರ.

ರೋಸೆನ್‌ಬ್ಲಮ್ ಅವರ ಜಾಣತನ ನನಗೆ ಕಾಣುವುದು ಲಕೋಟೆಯಲ್ಲಿ. 1940ರ ಮೇ ತಿಂಗಳಿನಲ್ಲಿ ದೇಶದೊಳಗಿನ ಸಾಮಾನ್ಯ ಪತ್ರದ ಅಂಚೆದರ ಒಂದೂವರೆ ಪೆನ್ಸ್‌ನಿಂದ ಎರಡೂವರೆ ಪೆನ್ಸ್‌ಗೆ ಏರಿತು. ಬೇರೆ ಊರುಗಳಲ್ಲಿದ್ದ ಹವ್ಯಾಸಿ ಸಂಪಾದಕರಿಗೆ ಎರಡು ಪುಟ ತೆಗೆಯುವಷ್ಟು ಕಾಗದ ಸಿಕ್ಕರೂ ಅದನ್ನು ಪ್ರತಿಯೊಬ್ಬ ಓದುಗರಿಗೂ ಬೇರೆಬೇರೆಯಾಗಿ ಕಳುಹಿಸುವ ಶಕ್ತಿ ಇರಲಿಲ್ಲ. ಅವರು ತಮ್ಮ ಹಾಳೆಗಳನ್ನು ಒಟ್ಟಾಗಿ ಲೀಡ್ಸ್‌ಗೆ ಕಳುಹಿಸಿದರೆ ಫೈಡೋ ಜತೆಗೆ ಅದೇ ಲಕೋಟೆಯಲ್ಲಿ ಅವೂ ಓದುಗರನ್ನು ತಲುಪುತ್ತಿದ್ದವು. ಹೀಗೆ ಫೈಡೋ ತಾನೊಂದು ಪತ್ರಿಕೆಯಾಗಿದ್ದುದರ ಜತೆಗೆ ಇತರ ಪುಟ್ಟ ಪತ್ರಿಕೆಗಳನ್ನು ಹೊತ್ತೊಯ್ಯುವ ವ್ಯವಸ್ಥೆಯೂ ಆಯಿತು. ಅದರ ಜತೆಗೆ ಹೋದ ಲಗತ್ತು ಪುಟಗಳೆಂದು ಇಂದು ಸಂಗ್ರಾಹಕರು ಪಟ್ಟಿ ಮಾಡುವ ಹಾಳೆಗಳಲ್ಲಿ ಕೆಲವಕ್ಕೆ ಓದುಗರನ್ನು ತಲುಪಲು ಬೇರೆ ದಾರಿಯೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. 1940ರ ಅಕ್ಟೋಬರಿನಿಂದ 1945ರ ಮಾರ್ಚ್‌ವರೆಗೆ 54 ತಿಂಗಳು, 39 ಸಂಚಿಕೆ. ಸರಾಸರಿ ಆರು ವಾರಕ್ಕೊಂದು. 

ನಡುದಾರಿ (ಉತ್ತರ):

ಎರಡನೆಯ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ. ಇದರಲ್ಲಿ ಎರಡು ವಿಷಯಗಳು ಬೆರೆತಿವೆ: ಒಂದು ಕಾನೂನು, ಇನ್ನೊಂದು ಆ ಪುಟ್ಟ ಬಳಗದ ಒಳಗಿನ ಸಂಬಂಧ.

1939ರ ಸೆಪ್ಟೆಂಬರ್ 3ರಂದು, ಯುದ್ಧ ಘೋಷಣೆಯಾದ ದಿನವೇ, ಬ್ರಿಟಿಷ್ ಸಂಸತ್ತು 18ರಿಂದ 41ರ ವಯಸ್ಸಿನ ಗಂಡಸರನ್ನು ಕಡ್ಡಾಯ ಸೇನಾ ಸೇವೆಗೆ ಕರೆಯುವ ಕಾನೂನನ್ನು ಅಂಗೀಕರಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ನಿರಾಕರಿಸಿದ ಸುಮಾರು 16,000 ಮಂದಿಯಲ್ಲಿ ಸಾವಿರಾರು ಜನ ಸೆರೆಮನೆ ಕಂಡಿದ್ದರು. ಆ ಕಹಿ ಆಡಳಿತಕ್ಕೂ ನೆನಪಿತ್ತು. ಆದ್ದರಿಂದ ಈ ಬಾರಿ ನಿರಾಕರಿಸುವವರಿಗೆಂದೇ ಒಂದು ಕ್ರಮಬದ್ಧ ದಾರಿಯನ್ನು ಕಾನೂನಿನಲ್ಲಿ ಇಡಲಾಯಿತು. ಒಟ್ಟು ಸುಮಾರು 60,000 ಮಂದಿ ಆ ದಾರಿ ಹಿಡಿದರು. ಅರ್ಜಿ ಹಾಕಿದವರು ಸ್ಥಳೀಯ ನ್ಯಾಯಮಂಡಳಿಯ ಮುಂದೆ ನಿಂತು ತಮ್ಮ ನಂಬಿಕೆ ಪ್ರಾಮಾಣಿಕವಾದದ್ದೆಂದು ಒಪ್ಪಿಸಬೇಕಿತ್ತು. ಮಂಡಳಿ ನಾಲ್ಕರಲ್ಲಿ ಒಂದು ತೀರ್ಮಾನ ಕೊಡಬಹುದಿತ್ತು. ಯಾವ ಷರತ್ತೂ ಇಲ್ಲದೆ ವಿನಾಯಿತಿ ಕೊಡಬಹುದು. ಬೇಸಾಯ, ಅರಣ್ಯ, ಆಸ್ಪತ್ರೆಯಂಥ ನಾಗರಿಕ ಕೆಲಸ ಮಾಡಬೇಕೆಂಬ ಷರತ್ತಿನ ಮೇಲೆ ವಿನಾಯಿತಿ ಕೊಡಬಹುದು. ಸೈನ್ಯದೊಳಗೇ ಆಯುಧ ಹಿಡಿಯದ ಕೆಲಸಕ್ಕೆ ಹಾಕಬಹುದು. ಇಲ್ಲವೇ ಅರ್ಜಿಯನ್ನು ತಳ್ಳಿಹಾಕಬಹುದು. ರೋಸೆನ್‌ಬ್ಲಮ್ ಅವರ ಪಾಲಿಗೆ ಬಂದದ್ದು ಭೂಮಿಯ ಕೆಲಸ.

ಕಾನೂನು ಉದಾರವಾಗಿತ್ತು ಎಂದ ಮಾತ್ರಕ್ಕೆ ಸಮಾಜವೂ ಹಾಗೆಯೇ ಇತ್ತೆಂದು ತಿಳಿಯಬಾರದು. ಹಲವಾರು ಸ್ಥಳೀಯ ಆಡಳಿತಗಳು ಇಂಥವರನ್ನು ಕೆಲಸದಿಂದ ತೆಗೆದುಹಾಕಿದವು. ಅಣ್ಣತಮ್ಮಂದಿರು ರಣರಂಗದಲ್ಲಿದ್ದ ಮನೆಗಳು ಇವರ ಮುಖ ನೋಡುತ್ತಿರಲಿಲ್ಲ. ವೈಜ್ಞಾನಿಕ ಕಥೆಗಳ ಅಭಿಮಾನಿ ಬಳಗದಲ್ಲಿ ಮಾತ್ರ ಪರಿಸ್ಥಿತಿ ತುಸು ಬೇರೆಯಾಗಿತ್ತು ಎನ್ನುವುದಕ್ಕೆ ಕಾರಣಗಳಿವೆ. ಅವರಲ್ಲಿ ಬಹಳ ಮಂದಿ ಎಡಪಂಥದ ಕಡೆ ವಾಲಿದ ಹುಡುಗರು. 1930ರ ದಶಕದ ಬ್ರಿಟನ್ನಿನಲ್ಲಿ ಶಾಂತಿವಾದ ಎಂಬುದು ಓದುವ ಹುಡುಗರ ಸಹಜ ನಿಲುವುಗಳಲ್ಲಿ ಒಂದಾಗಿತ್ತು. ಅವರೆಲ್ಲ ಗೌರವಿಸುತ್ತಿದ್ದ ಕಾದಂಬರಿಕಾರ ಓಲಾಫ್ ಸ್ಟೇಪಲ್ಡನ್ ಮೊದಲನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ, ಯುದ್ಧವನ್ನು ವಿರೋಧಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥದ ಆಂಬುಲೆನ್ಸ್ ದಳದಲ್ಲಿ ಗಾಯಾಳುಗಳನ್ನು ಸಾಗಿಸಿದವರು. ಅದೇ ಸ್ಟೇಪಲ್ಡನ್ ಎರಡನೆಯ ಯುದ್ಧದ ಹೊತ್ತಿಗೆ ಪೂರ್ತಿ ಶಾಂತಿವಾದವನ್ನು ಬಿಟ್ಟಿದ್ದರು. ಎಂದರೆ ಬಳಗದೊಳಗೆ ಎರಡೂ ನಿಲುವಿಗೆ ಮರ್ಯಾದೆಯ ಉದಾಹರಣೆಗಳಿದ್ದವು, ವಾದವೂ ಬೇಕಾದಷ್ಟು ನಡೆಯುತ್ತಿತ್ತು.

ಇನ್ನು ಬರೆದವರು ಯಾವ ಮನಸ್ಸಿನಿಂದ ಬರೆದರು ಎಂಬ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಅವರು ರೋಸೆನ್‌ಬ್ಲಮ್ ಅವರ ನಿಲುವನ್ನು ಒಪ್ಪಿ ಬರೆದದ್ದೂ ಅಲ್ಲ, ಕ್ಷಮಿಸಿ ಬರೆದದ್ದೂ ಅಲ್ಲ. ಸೈನ್ಯಕ್ಕೆ ಸೇರಿದ ಯುವಕ ಮೂರು ತಿಂಗಳಿಗೊಮ್ಮೆ ಶಿಬಿರ ಬದಲಿಸುತ್ತಾನೆ. ಅವನ ಸ್ನೇಹಿತರಿಗೂ ಅದೇ ಪಾಡು. ಆರ್ಥರ್ ಸಿ. ಕ್ಲಾರ್ಕ್ ವಾಯುಪಡೆಯಲ್ಲಿ ರೇಡಾರ್ ಕೆಲಸಕ್ಕೆ ಸೇರಿದರು. ಅವರ ಜತೆ ಲಂಡನ್ನಿನ ಗ್ರೇಸ್ ಇನ್ ರಸ್ತೆಯ 88ನೇ ಸಂಖ್ಯೆಯ ಮನೆಯಲ್ಲಿ ಕೋಣೆ ಹಂಚಿಕೊಂಡಿದ್ದ ವಿಲಿಯಂ ಟೆಂಪಲ್ ಉತ್ತರ ಆಫ್ರಿಕಕ್ಕೂ ಅಲ್ಲಿಂದ ಇಟಲಿಗೂ ಹೋದರು. ಟೆಂಪಲ್ ಅವರ ಕಾದಂಬರಿಯ ಹಸ್ತಪ್ರತಿ ಯುದ್ಧರಂಗದಲ್ಲಿ ಕಳೆದುಹೋಗಿ ಮತ್ತೆ ಬರೆಯಬೇಕಾಯಿತು. ಮುಂದೆ ಜಾನ್ ಕ್ರಿಸ್ಟಫರ್ ಎಂಬ ಹೆಸರಿನಲ್ಲಿ ಕಾದಂಬರಿಕಾರರಾಗಿ ಪ್ರಸಿದ್ಧರಾದ ಸ್ಯಾಮ್ ಯೂಡ್, ತಾವು ನಡೆಸುತ್ತಿದ್ದ ‘ದಿ ಫ್ಯಾಂಟಾಸ್ಟ್’ ಪತ್ರಿಕೆಯನ್ನು ಅಬರ್ಡೀನಿನ ಸ್ನೇಹಿತರೊಬ್ಬರಿಗೆ ಒಪ್ಪಿಸಿ 1941ರಲ್ಲಿ ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ದಳ ಸೇರಿದರು. ಇವರೆಲ್ಲರ ವಿಳಾಸ ಹೀಗೆ ಚದುರಿಹೋದಾಗ ಬದಲಾಗದೆ ಉಳಿದ ವಿಳಾಸ ಲೀಡ್ಸ್‌ನದು. ಆ ವಿಳಾಸ ಉಳಿದದ್ದಕ್ಕೆ ಕಾರಣ ಅಲ್ಲಿದ್ದವರು ಸೈನ್ಯಕ್ಕೆ ಹೋಗಲಿಲ್ಲ ಎಂಬುದೇ. ಅವರ ನಿರಾಕರಣೆಯಿಂದ ಸೈನಿಕ ಓದುಗರಿಗೇ ಹೆಚ್ಚು ಲಾಭವಾಯಿತೆಂಬ ಈ ವಕ್ರ ಸತ್ಯವನ್ನು ಅವರು ಚೆನ್ನಾಗಿಯೇ ಅರಿತಿದ್ದಿರಬೇಕು.

ನೇರನುಡಿ (ಉತ್ತರ):

ಮೇಲಿನ ಎರಡೂ ಉತ್ತರಗಳು ಚೆನ್ನಾಗಿವೆ. ಆದರೂ ಒಂದು ಮಾತು ಹೇಳಲೇಬೇಕು. ಫೈಡೋದ ಕೆಲವು ಸಂಚಿಕೆಗಳನ್ನು ನಾನು ಓದಿದ್ದೇನೆ. ಯಾರು ಯಾವ ಊರಿಗೆ ವರ್ಗವಾದರು, ಯಾರ ಬಳಿ ಯಾವ ಹಳೆಯ ಪತ್ರಿಕೆ ಮಾರಾಟಕ್ಕಿದೆ, ಅಮೆರಿಕದಲ್ಲಿ ಯಾವ ಹೊಸ ಪತ್ರಿಕೆ ಶುರುವಾಯಿತು, ಯಾವುದು ನಿಂತಿತು ಎಂಬಂಥ ವಿವರಗಳೇ ಹೆಚ್ಚು. ಸಾಹಿತ್ಯ ಎಂದು ಕರೆಯಬಹುದಾದದ್ದು ಅಪರೂಪ. ಹವ್ಯಾಸಿ ಪತ್ರಿಕೆಗಳ ಪೈಕಿ ಬರವಣಿಗೆಯ ಸೊಗಸಿಗಾಗಿಯೇ ಓದಬೇಕಾದದ್ದೆಂದರೆ 1950ರ ದಶಕದಲ್ಲಿ ಬೆಲ್‌ಫಾಸ್ಟಿನ ವಾಲ್ಟ್ ವಿಲಿಸ್ ಹೊರತಂದ ‘ಹೈಫನ್’. ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ರೋಸೆನ್‌ಬ್ಲಮ್ ಒಬ್ಬ ನಿಷ್ಠಾವಂತ ಗುಮಾಸ್ತರಂತೆ ಕಾಣುತ್ತಾರೆ. ಅವರ ಬಗ್ಗೆ ಒಂದೆರಡು ಸಾಲಿನಲ್ಲಿ ಮಾತು ಮುಗಿಯುವುದರಲ್ಲಿ ಅನ್ಯಾಯವೇನೂ ಇಲ್ಲ ಎಂದು ನನ್ನ ಅನಿಸಿಕೆ.

ಉತ್ತರದೇಶ (ಉತ್ತರ):

ನೇರನುಡಿಯವರು ಹೇಳಿದ್ದರಲ್ಲಿ ‘ನಿಷ್ಠಾವಂತ ಗುಮಾಸ್ತರು’ ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅದು ಸಣ್ಣ ಮಾತು ಎಂಬುದನ್ನು ಒಪ್ಪುವುದಿಲ್ಲ. ಮೂರನೆಯ ಪ್ರಶ್ನೆಗೂ ಇದಕ್ಕೂ ನಂಟಿರುವುದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಈ ಅಭಿಮಾನಿ ಬಳಗ ಹುಟ್ಟಿದ್ದು ಅಮೆರಿಕದ ಅಗ್ಗದ ಕಥಾಪತ್ರಿಕೆಗಳಿಂದ. ಅಲ್ಲಿ ಮಾರಾಟವಾಗದೆ ಉಳಿದ ಪ್ರತಿಗಳು ಅಟ್ಲಾಂಟಿಕ್ ದಾಟಿ ಬಂದು ವುಲ್‌ವರ್ತ್ ಅಂಗಡಿಗಳ ಮೇಜುಗಳ ಮೇಲೆ ಮೂರು ಪೆನ್ಸ್‌ಗೆ ಒಂದರಂತೆ ಮಾರಾಟವಾಗುತ್ತಿದ್ದವು. ಯಾವ ಸಂಚಿಕೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದಕ್ಕೆ ಲೆಕ್ಕಾಚಾರವೇ ಇರಲಿಲ್ಲ. ಧಾರಾವಾಹಿಯೊಂದರ ಎರಡನೆಯ ಕಂತು ಸಿಕ್ಕವರು ಮೊದಲನೆಯದಕ್ಕಾಗಿ ಊರೆಲ್ಲ ಅಲೆಯಬೇಕು. ಇಂಥ ಹುಡುಕಾಟವೇ ಓದುಗರನ್ನು ಪರಸ್ಪರ ಪರಿಚಯ ಮಾಡಿಸಿತು. ಪತ್ರಿಕೆಗಳ ಓದುಗರ ಅಂಕಣದಲ್ಲಿ ಹೆಸರಿನ ಜತೆ ಪೂರ್ತಿ ವಿಳಾಸವೂ ಅಚ್ಚಾಗುತ್ತಿದ್ದುದರಿಂದ ನೆರೆಯೂರಿನಲ್ಲಿ ತನ್ನಂಥವನೇ ಇನ್ನೊಬ್ಬನಿದ್ದಾನೆ ಎಂಬುದು ಅಮೆರಿಕದಲ್ಲಿ ಅಚ್ಚಾದ ಕಾಗದದಿಂದ ತಿಳಿಯುತ್ತಿತ್ತು!

ವಾಲ್ಟರ್ ಗಿಲ್ಲಿಂಗ್ಸ್ 1930ರಲ್ಲೇ ಎಸೆಕ್ಸ್‌ನ ಇಲ್ಫರ್ಡ್‌ನಲ್ಲಿ ಒಂದು ಓದುಗರ ವೃತ್ತವನ್ನು ಕಟ್ಟಿದರು. ವೃತ್ತಿಯಿಂದ ವರದಿಗಾರರಾಗಿದ್ದ ಅವರು 1937ರ ಜನವರಿಯಲ್ಲಿ ‘ಸೈಂಟಿಫಿಕ್ಷನ್’ ಎಂಬ ಅಚ್ಚುಕಟ್ಟಾದ ವಿಮರ್ಶಾ ಪತ್ರಿಕೆಯನ್ನು ಹೊರತಂದು, ಅದೇ ವರ್ಷ ‘ಟೇಲ್ಸ್ ಆಫ್ ವಂಡರ್’ ಎಂಬ ವೃತ್ತಿಪರ ಪತ್ರಿಕೆಯ ಸಂಪಾದಕರಾದರು. ನನೀಟನ್ ಪಟ್ಟಣದ ಮಾರಿಸ್ ಹ್ಯಾನ್ಸನ್ 1936ರ ಮಾರ್ಚ್‌ನಲ್ಲಿ ‘ನೋವೆ ಟೆರೆ’ ಎಂಬ ಸೈಕ್ಲೋಸ್ಟೈಲ್ ಪತ್ರಿಕೆ ಆರಂಭಿಸಿದರು. ಬ್ರಿಟನ್ನಿನ ಮೊದಲ ಅಭಿಮಾನಿ ಪತ್ರಿಕೆ ಎಂಬ ಹೆಸರು ಸಾಮಾನ್ಯವಾಗಿ ಅದಕ್ಕೇ ಸಲ್ಲುತ್ತದೆ. ಲೀಡ್ಸ್‌ನಲ್ಲಿ ಡಗ್ಲಸ್ ಮೇಯರ್ ಎಂಬ ಹುಡುಗ ಅಮೆರಿಕದ ಸೈನ್ಸ್ ಫಿಕ್ಷನ್ ಲೀಗ್ ಎಂಬ ಓದುಗರ ಸಂಘದ ಶಾಖೆಯನ್ನು 1935ರಲ್ಲಿ ತೆರೆದಿದ್ದ. ಈ ಎಲ್ಲ ಎಳೆಗಳು 1937ರ ಜನವರಿ 3ರಂದು ಲೀಡ್ಸ್‌ನ ಥಿಯಾಸಫಿಕಲ್ ಹಾಲ್‌ನಲ್ಲಿ ಸೇರಿದವು. ಬಂದವರು ಇಪ್ಪತ್ತು ಮಂದಿಯಷ್ಟೂ ಇರಲಿಲ್ಲ. ಗಿಲ್ಲಿಂಗ್ಸ್, ಕ್ಲಾರ್ಕ್, ಟೆಡ್ ಕಾರ್ನೆಲ್, ಎರಿಕ್ ಫ್ರಾಂಕ್ ರಸೆಲ್ ಅಲ್ಲಿದ್ದರು. ಮೊದಲೇ ಸಾರ್ವಜನಿಕವಾಗಿ ತಿಳಿಸಿ, ಸಭಾಂಗಣ ಹಿಡಿದು ನಡೆಸಿದ ಜಗತ್ತಿನ ಮೊದಲ ವೈಜ್ಞಾನಿಕ ಕಥಾ ಸಮ್ಮೇಳನ ಇದೇ ಎಂದು ಬ್ರಿಟನ್ನಿನವರು ಹೇಳುತ್ತಾರೆ. 1936ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕೆಲವರು ಫಿಲಡೆಲ್ಫಿಯಾಕ್ಕೆ ಹೋಗಿ ಅಲ್ಲಿನ ಸ್ನೇಹಿತರನ್ನು ಕಂಡದ್ದೇ ಮೊದಲನೆಯದು ಎಂದು ಅಮೆರಿಕದವರು ವಾದಿಸುತ್ತಾರೆ. ಈ ವ್ಯಾಜ್ಯ ಇನ್ನೂ ತೀರಿಲ್ಲ, ತೀರುವುದು ಯಾರಿಗೂ ಬೇಕಿದ್ದಂತೆಯೂ ಇಲ್ಲ. ಆ ಸಭೆ ‘ಸೈನ್ಸ್ ಫಿಕ್ಷನ್ ಅಸೋಸಿಯೇಷನ್’ ಎಂಬ ಸ್ವತಂತ್ರ ಬ್ರಿಟಿಷ್ ಸಂಘವನ್ನು ಸ್ಥಾಪಿಸಿತು. ಹ್ಯಾನ್ಸನ್ ಪತ್ರಿಕೆ ಸಂಘದ ಮುಖವಾಣಿಯಾಯಿತು. 29 ಸಂಚಿಕೆಗಳ ನಂತರ 1939ರಲ್ಲಿ ಅದು ಕಾರ್ನೆಲ್ ಅವರ ಕೈಗೆ ಹೋಗಿ ‘ನ್ಯೂ ವರ್ಲ್ಡ್ಸ್’ ಆಯಿತು.

ಈಗ 1939ರ ಸೆಪ್ಟೆಂಬರಿಗೆ ಬನ್ನಿ. ಸಂಘ ಸ್ಥಗಿತವಾಯಿತು. ಕಾರ್ನೆಲ್ ಪತ್ರಿಕೆ ನಿಂತಿತು. ಡಾಲರ್ ಉಳಿಸುವ ಸಲುವಾಗಿ ಅಮೆರಿಕದ ಪತ್ರಿಕೆಗಳ ಆಮದಿಗೆ ಅಡ್ಡಿ ಬಂದು ಮೂರು ಪೆನ್ಸ್‌ನ ಮೇಜುಗಳು ಬರಿದಾದವು. ಅಮೆರಿಕದ ‘ಅಸ್ಟೌಂಡಿಂಗ್’ ಕಥಾಪತ್ರಿಕೆಯ ಬ್ರಿಟಿಷ್ ಆವೃತ್ತಿ ಆಗಸ್ಟ್‌ನಲ್ಲಷ್ಟೇ ಶುರುವಾಗಿತ್ತು, ಅದೂ ಕತ್ತರಿಸಿದ ರೂಪದಲ್ಲಿ. ಗಿಲ್ಲಿಂಗ್ಸ್ ಅವರ ‘ಟೇಲ್ಸ್ ಆಫ್ ವಂಡರ್’ 16 ಸಂಚಿಕೆಗಳ ಬಳಿಕ 1942ರಲ್ಲಿ ಕಣ್ಣುಮುಚ್ಚಿತು. ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ ಸಂಪರ್ಕ ಜಾಲ ಒಂದೇ ಚಳಿಗಾಲದಲ್ಲಿ ಕಡಿದುಹೋಗುವ ಎಲ್ಲ ಲಕ್ಷಣಗಳೂ ಇದ್ದವು.

ರೋಸೆನ್‌ಬ್ಲಮ್ ಮಾಡಿದ್ದು ಆ ಜಾಲದ ಪಟ್ಟಿಯನ್ನು ಕಾಪಾಡಿದ್ದು. ಯಾರು ಎಲ್ಲಿದ್ದಾರೆ ಎಂಬ ಸುದ್ದಿಯನ್ನು ನೇರನುಡಿಯವರು ನೀರಸ ಎನ್ನುತ್ತಾರೆ. ಹೊಸ ಶಿಬಿರಕ್ಕೆ ಬಂದಿಳಿದ ಓದುಗನೊಬ್ಬನಿಗೆ ಹತ್ತು ಮೈಲಿ ದೂರದಲ್ಲಿ ಇನ್ನೊಬ್ಬ ಅಭಿಮಾನಿ ಇದ್ದಾನೆ ಎಂದು ತಿಳಿಸುತ್ತಿದ್ದುದು ಆ ಸುದ್ದಿಯೇ. ಹಳೆಯ ಪತ್ರಿಕೆಗಳ ಮಾರಾಟದ ಸಾಲುಗಳು ಬೇಸರ ತರಿಸಬಹುದು. ಆಮದು ನಿಂತ ದೇಶದಲ್ಲಿ ಇದ್ದಬದ್ದ ಪ್ರತಿಗಳು ಕೈಯಿಂದ ಕೈಗೆ ದಾಟುತ್ತಿದ್ದುದು ಅಂಥ ಸಾಲುಗಳ ಮೂಲಕ. ಲಾಸ್ ಏಂಜಲಿಸ್‌ನ ಫಾರೆಸ್ಟ್ ಆಕರ್‌ಮನ್ ಮೊದಲಾದ ಅಮೆರಿಕದ ಗೆಳೆಯರು ತಮ್ಮ ಖರ್ಚಿನಲ್ಲಿ ಕಳುಹಿಸುತ್ತಿದ್ದ ಪತ್ರಿಕೆಗಳು ಹೀಗೆಯೇ ಹತ್ತಾರು ಓದುಗರನ್ನು ಸುತ್ತುತ್ತಿದ್ದವು. ಯುದ್ಧದ ನಡುವೆಯೇ, 1943ರಲ್ಲಿ ಲೆಸ್ಟರಿನಲ್ಲಿ ಅಭಿಮಾನಿಗಳ ಸಮ್ಮೇಳನವೊಂದು ನಡೆಯಿತು. ಪರಸ್ಪರರ ವಿಳಾಸವೇ ಗೊತ್ತಿಲ್ಲದಿದ್ದರೆ ಅದು ನಡೆಯುವುದು ಸಾಧ್ಯವಿತ್ತೇ?

ಹಾಗಾಗಿ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಇದು. ಹ್ಯಾನ್ಸನ್ ಆರಂಭಿಸಿದರು, ಗಿಲ್ಲಿಂಗ್ಸ್ ಮಟ್ಟವನ್ನು ಏರಿಸಿದರು, ಕಾರ್ನೆಲ್ ಯುದ್ಧ ಮುಗಿದ ಮೇಲೆ 1946ರಲ್ಲಿ ‘ನ್ಯೂ ವರ್ಲ್ಡ್ಸ್’ ಅನ್ನು ವೃತ್ತಿಪರ ಪತ್ರಿಕೆಯನ್ನಾಗಿ ಮಾಡಿದರು. ಅದು ಆರ್ಥಿಕವಾಗಿ ಮುಗ್ಗರಿಸಿದಾಗ ಅದನ್ನು ಮತ್ತೆ ನಿಲ್ಲಿಸಲು 1949ರಲ್ಲಿ ಅಭಿಮಾನಿಗಳೇ ಹಣ ಕೂಡಿಸಿ ನೋವಾ ಎಂಬ ಪ್ರಕಾಶನ ಸಂಸ್ಥೆಯನ್ನು ಕಟ್ಟಿದರು. ಹಣ ಕೂಡಿಸುವಷ್ಟು ಪರಸ್ಪರ ನಂಬಿಕೆಯಿದ್ದ ಒಂದು ಬಳಗ 1949ರಲ್ಲಿ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ 1940ರಿಂದ 1945ರವರೆಗಿನ ಲೀಡ್ಸ್‌ನ ಲಕೋಟೆಗಳನ್ನು ಲೆಕ್ಕದಿಂದ ಬಿಡಲು ಆಗುವುದಿಲ್ಲ.

ನೇರನುಡಿ (ಪ್ರತಿಕ್ರಿಯೆ):

ಉತ್ತರದೇಶದವರ ವಾದದ ಕೊನೆಯ ಭಾಗಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಹಾಗೆ ಹೇಳುವಾಗ ನಾವು ಹೊಗಳುತ್ತಿರುವುದು ಸಂಪಾದಕರನ್ನಲ್ಲ, ಸಂಚಾಲಕರನ್ನು ಎಂಬುದು ಸ್ಪಷ್ಟವಿರಲಿ. ಫೈಡೋವನ್ನು ಸಾಹಿತ್ಯ ಪತ್ರಿಕೆಯೆಂದು ಯಾರಾದರೂ ಕೈಗೆತ್ತಿಕೊಂಡರೆ ನಿರಾಶೆಯಾಗುವುದು ಖಂಡಿತ. ಅದಕ್ಕೆ ರೋಸೆನ್‌ಬ್ಲಮ್ ಅವರನ್ನು ದೂರುವುದೂ ಸರಿಯಲ್ಲ. ಅವರು ಇಟ್ಟ ಹೆಸರಿನಲ್ಲೇ ‘ಡೈಜೆಸ್ಟ್’, ಅಂದರೆ ಸಾರಸಂಗ್ರಹ, ಎಂದಿದೆ.

ಹಳೇಸಂಚಿಕೆ (ಪ್ರತಿಕ್ರಿಯೆ):

ಎಲ್ಲರಿಗೂ ಧನ್ಯವಾದಗಳು. ನಡುದಾರಿಯವರು ಬರೆದ ವಿಳಾಸದ ವಿಚಾರ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಸಣ್ಣ ಸಂದೇಹಗಳಿವೆ. ಯುರೋಪಿನಲ್ಲಿ ಯುದ್ಧ ಮುಗಿಯುವ ಎರಡು ತಿಂಗಳ ಮೊದಲೇ, 1945ರ ಮಾರ್ಚ್‌ನಲ್ಲಿ, ಪತ್ರಿಕೆ ನಿಂತಿತಲ್ಲ. ಇಷ್ಟು ಕಷ್ಟದ ದಿನಗಳನ್ನು ದಾಟಿ ಬಂದದ್ದು ದಡ ಕಾಣುವ ಹೊತ್ತಿಗೆ ಯಾಕೆ ನಿಂತಿತು? ಹಾಗೆಯೇ ಆಮೇಲೆ ರೋಸೆನ್‌ಬ್ಲಮ್ ಪೂರ್ತಿಯಾಗಿ ಈ ಬಳಗದಿಂದ ದೂರವಾದರೇ? ಮೂಲ ಸಂಚಿಕೆಗಳನ್ನು ಓದಬೇಕೆಂದರೆ ಎಲ್ಲಿಂದ ಆರಂಭಿಸುವುದು ಒಳ್ಳೆಯದು ಎಂಬುದನ್ನೂ ತಿಳಿಸಿ.

ಮಸಿಬೆರಳು (ಉತ್ತರ):

ನಿಂತದ್ದಕ್ಕೆ ಒಂದೇ ಕಾರಣ ಹುಡುಕುವ ಅಗತ್ಯವಿಲ್ಲ ಎಂದು ನನಗೆ ತೋರುತ್ತದೆ. ಹವ್ಯಾಸಿ ಪತ್ರಿಕೆ ನಡೆಯುವುದು ಒಬ್ಬರ ಬಿಡುವಿನ ಹೊತ್ತಿನ ಮೇಲೆ. ನಾಲ್ಕೂವರೆ ವರ್ಷ ಒಬ್ಬರೇ ಈ ಭಾರ ಹೊತ್ತದ್ದೇ ಅಸಾಧಾರಣ. ಆ ಕಾಲದ ಹೆಚ್ಚಿನ ಹವ್ಯಾಸಿ ಪತ್ರಿಕೆಗಳು ಹತ್ತು ಸಂಚಿಕೆಯನ್ನೂ ದಾಟಲಿಲ್ಲ.

ಅವರು ಬಳಗದಿಂದ ದೂರವಾಗಲಿಲ್ಲ. 1954ರಲ್ಲಿ ‘ದಿ ನ್ಯೂ ಫ್ಯೂಚೂರಿಯನ್’ ಎಂಬ ಹೆಸರಿನಲ್ಲಿ ಮತ್ತೆ ಪತ್ರಿಕೆ ಆರಂಭಿಸಿ 1958ರವರೆಗೆ ನಡೆಸಿದರು. ಅದೇ 1958ರ ಈಸ್ಟರ್ ರಜೆಯಲ್ಲಿ ಕೆಟರಿಂಗ್ ಪಟ್ಟಣದಲ್ಲಿ ಸೇರಿದ ಅಭಿಮಾನಿಗಳು ಇಂದಿಗೂ ನಡೆಯುತ್ತಿರುವ ಬ್ರಿಟಿಷ್ ಸೈನ್ಸ್ ಫಿಕ್ಷನ್ ಅಸೋಸಿಯೇಷನ್ ಅನ್ನು ಸ್ಥಾಪಿಸಿದರು. ಆ ಹೊತ್ತಿಗೆ 1937ರ ಲೀಡ್ಸ್ ಸಭೆಗೆ ಬಂದಿದ್ದ ಕ್ಲಾರ್ಕ್ ಜಗತ್ತಿಗೆಲ್ಲ ಪರಿಚಿತರಾದ ಲೇಖಕರು, ಕಾರ್ನೆಲ್ ಬ್ರಿಟನ್ನಿನ ಪ್ರಮುಖ ಸಂಪಾದಕರು. ರೋಸೆನ್‌ಬ್ಲಮ್ ಆ ದಾರಿ ಹಿಡಿಯಲಿಲ್ಲ, ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದರು. ಜೀವನಚರಿತ್ರೆಕಾರರು ಅವರ ಬಳಿ ನಿಲ್ಲದೆ ಮುಂದೆ ಹೋಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಓದುವ ವಿಷಯಕ್ಕೆ ಬಂದರೆ, ಅಭಿಮಾನಿ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿರುವ ‘ಫ್ಯಾನಾಕ್’ ಜಾಲತಾಣದಲ್ಲಿ ಹುಡುಕಿ. ಬ್ರಿಟಿಷ್ ಅಭಿಮಾನಿ ಬಳಗದ ಇತಿಹಾಸವನ್ನು ರಾಬ್ ಹ್ಯಾನ್ಸೆನ್ ಬಹಳ ಶ್ರಮಪಟ್ಟು ಬರೆದಿದ್ದಾರೆ (ಇವರಿಗೂ ನನೀಟನ್ನಿನ ಮಾರಿಸ್ ಹ್ಯಾನ್ಸನ್ ಅವರಿಗೂ ಸಂಬಂಧ ಕಲ್ಪಿಸಿಕೊಳ್ಳಬೇಡಿ). ಅದನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಸಂಚಿಕೆಗಳಲ್ಲಿ ಬರುವ ಅಡ್ಡಹೆಸರುಗಳೂ ಸಂಕ್ಷಿಪ್ತಾಕ್ಷರಗಳೂ ಬಿಡಿಸಿಕೊಳ್ಳುತ್ತವೆ. ಮೊದಲನೆಯ ಸಂಚಿಕೆಯಿಂದ ಕ್ರಮವಾಗಿ ಓದುವುದಕ್ಕಿಂತ 1941ರ ಯಾವುದಾದರೂ ನಾಲ್ಕು ಸಂಚಿಕೆಗಳನ್ನು ಸಾಲಾಗಿ ಓದಿ. ಒಂದರಲ್ಲಿ ಬಂದ ಹೆಸರು ಮುಂದಿನದರಲ್ಲಿ ಬೇರೆ ಊರಿನಿಂದ ಬರೆಯುತ್ತಿರುತ್ತದೆ, ಅದರ ಮುಂದಿನದರಲ್ಲಿ ಆ ಹೆಸರಿನ ಹಿಂದೆ ಸೈನ್ಯದ ಹುದ್ದೆ ಸೇರಿರುತ್ತದೆ. ಸ್ಕ್ಯಾನ್ ಪ್ರತಿಗಳಲ್ಲಿ ಕೆಲವು ಪುಟಗಳು ಬಹಳ ಮಸುಕಾಗಿವೆ, ಹಿಂಬದಿಯ ಅಕ್ಷರಗಳೂ ಮೂಡಿರುತ್ತವೆ. ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಓದಿದರೆ ಹೆಚ್ಚಿನವು ಓದಲು ಬರುತ್ತವೆ.